ರಸ್ತೆ ಕಡೆಯ ಗೋಡೆ

ಪೇಂಟರ್ ನಮಗೆ ಮೋಸ ಮಾಡಲಿಲ್ಲ. ನನ್ನ ಗಂಡನೇ ನನ್ನನ್ನು ಕೇಳದೆ ಮನೆಯ ಗೋಡೆಯನ್ನು ಬಾಡಿಗೆಗೆ ಕೊಟ್ಟಿದ್ದ. ನಡೆದದ್ದು ಇಷ್ಟೆ. ಊರಿನವರು ಹತ್ತು ಥರ ಹೇಳುತ್ತಾರೆ, ನಂಬಬೇಡಿ.

ಸೂಳಗಿರಿಯಲ್ಲಿ ದೊಡ್ಡ ರಸ್ತೆಗೇ ನಮ್ಮ ಮನೆ. ಜಗಲಿಯ ಮೇಲೆ ನಾನು ಇಡ್ಲಿ ಮಾಡಿ ಮಾರುತ್ತಿದ್ದೆ. ಹೊಸೂರಿನಲ್ಲಿ ಫ್ಯಾಕ್ಟರಿಗಳು ಎದ್ದಿದ್ದವು. ಬೆಳಗಿನ ಶಿಫ್ಟಿಗೆ ಹೋಗುವವರ ಬಸ್ಸು ನಮ್ಮ ಮುಂದೆ ನಿಲ್ಲುತ್ತಿತ್ತು. ಸಂಸಾರ ನಡೆದದ್ದು ಆ ಬಸ್ಸಿನಿಂದ. ಎದುರಿಗೆ ಹೊಸದಾಗಿ ಒಂದು ಹೋಟೆಲು ಬಂತು. ಹೋಟೆಲಿನವನು ಗೋಡೆಗೆ ನೀಲಿ ಬಣ್ಣ ಹೊಡೆಸಿದ. ನಮ್ಮದು ಹೊಗೆ ಹಿಡಿದು ಸುಣ್ಣ ಉದುರಿದ ಗೋಡೆ. ಜನ ಅತ್ತ ತಿರುಗತೊಡಗಿದರು. ನಾನೂ ಹೊಡೆಸುತ್ತೇನೆ ಎಂದು ಹಟ ಹಿಡಿದೆ.

ಪೇಂಟರ್ ಬಂದು ಮನೆಯ ಸುತ್ತ ಒಂದು ಸುತ್ತು ಹಾಕಿದ. ಗೋಡೆಗೆ ಬೆರಳು ಒರೆಸಿ ಮೂಸಿದ.

"ನಾಲ್ಕು ಕಡೆಗೂ ಸಿಮೆಂಟ್ ಬಣ್ಣ ಅಂದ್ರೆ ಐನೂರಾಗ್ತದೆ, ಅಮ್ಮಾ."

"ಮುನ್ನೂರೈತೆ."

"ಮುನ್ನೂರಿಗೆ ಸುಣ್ಣ ಹೊಡ್ಕೊಡ್ತೀನಿ."

"ಸುಣ್ಣ ಹೊಡ್ಯೋಕೆ ನೀನ್ಯಾಕೆ? ನನಗೆ ಕೈಯಿಲ್ವಾ?"

ಗಂಡ ಅವನನ್ನು ಬೀದಿಯ ಕೊನೆಯವರೆಗೆ ಕಳಿಸಿಕೊಡಲು ಹೋಗಿ ನಗುತ್ತಾ ಬಂದ. "ಮುನ್ನೂರಕ್ಕೇ ಒಪ್ಕಂಡ ಕಣೇ, ಹಳದಿ ಬಣ್ಣ." ಜನ್ಮದಲ್ಲಿ ಒಂದು ಕಟ್ಟು ಸೊಪ್ಪಿಗೆ ಚೌಕಾಸಿ ಮಾಡದ ಗಂಡಸು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬಣ್ಣದ ವಾಸನೆಯಲ್ಲಿ ಇಡ್ಲಿ ಮಾರಲಾಗದು ಎಂದು ಒಲೆ ಆರಿಸಿ ಜೂಜುವಾಡಿಯ ಮಗಳ ಮನೆಗೆ ಹೋದೆ. ಕೆಲಸ ಮುಗಿಯಿತು ಎಂದು ಗಂಡ ಹೇಳಿ ಕಳಿಸಿದ ದಿನ ಬಸ್ಸು ಹತ್ತಿದೆ. ಊರು ಬಂತು. ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಡೆಗೆ ಬಗ್ಗಿ ನಗತೊಡಗಿದರು. ನಾನೂ ಬಗ್ಗಿದೆ.

ನನ್ನ ಮನೆಯ ಮುಂದಿನ ಗೋಡೆಯ ಮೇಲೆ ಎಮ್ಮೆ ಕರುವಿನಷ್ಟು ದೊಡ್ಡ ಇಲಿ. ನಾಲ್ಕೂ ಕಾಲು ಮೇಲೆತ್ತಿ, ನಾಲಿಗೆ ಹೊರಗೆ ಚಾಚಿ ಸತ್ತು ಬಿದ್ದಿದೆ. ಪಕ್ಕದಲ್ಲಿ ಕೆಂಪು ಅಕ್ಷರ. ನನಗೆ ತಮಿಳು ಓದಲು ಬರದು.

"ಏನಮ್ಮಾ ಬರೆದವ್ರೆ?" ಎಂದು ಪಕ್ಕದ ಹೆಂಗಸನ್ನು ಕೇಳಿದೆ.

"ಇಲಿ ಪಾಷಾಣ. ಒಂದು ತುತ್ತು ಸಾಕು ಅಂತ ಬರ್ದವ್ರೆ," ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಲ್ಲಿ ಇಡ್ಲಿ ಬೇರೆ ಮಾರ್ತಾರಂತೆ!"

ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಇಳಿದೆ. ಎದುರಿನ ಹೋಟೆಲಿನವನು ಬಾಗಿಲಿಗೇ ಬಂದು ನಿಂತಿದ್ದ. "ಅಕ್ಕಾ, ನಾಳೆ ಚಟ್ನಿಗೆ ಏನಾಕ್ತೀಯ?"

ಮಿಕ್ಕ ಮೂರು ಗೋಡೆ ಹಳದಿಯಾಗಿ ಚೆನ್ನಾಗಿಯೇ ಇದ್ದವು. ಯಾರಿಗೆ ಬೇಕು, ಅವು ರಸ್ತೆಗೆ ಕಾಣುವುದಿಲ್ಲ.

"ಏನಯ್ಯಾ ಇದು?" ಎಂದೆ ಗಂಡನಿಗೆ.

"ಪೇಂಟರೇ ಕಂಪನಿಯೋರ್ನ ಕರ್ಕಂಬಂದ. ಈ ಗೋಡೆ ಒಂದು ವರ್ಷ ಅವ್ರಿಗೆ ಬಿಟ್ರೆ ಇನ್ನೂರು ಕೊಡ್ತೀವಿ ಅಂದ್ರು. ಐನೂರು ಸರಿಯಾಯ್ತಲ್ಲ."

"ಯಾವ ಕಂಪನಿ ಅಂತ ಕೇಳ್ಲಿಲ್ವಾ?"

"ಸೋಪಿಂದೇನೋ ಬರೀತಾರೆ ಅಂದ್ಕಂಡೆ. ದುಡ್ಡು ಕೊಡೋರ್ನ ಏನಂತ ಕೇಳೋದು?"

"ಅಳಿಸ್ಬುಡು."

"ಅಳಿಸಿದ್ರೆ ಇನ್ನೂರೂ ವಾಪಸ್ ಕೊಡ್ಬೇಕು. ಎಲ್ಲೈತೆ? ಪೇಂಟರಿಗೆ ಹೋಯ್ತು." ಕತ್ತೆತ್ತಿ ಗೋಡೆ ನೋಡಿದ. "ಆದ್ರೂ ಇಲಿ ಎಷ್ಟು ಚೆನ್ನಾಗಿ ಬರ್ದವ್ನೆ ನೋಡು. ಮೀಸೆ ಸಮೇತ."

ನಾನು ಒಳಗೆ ಹೋದೆ. ಅಕ್ಕಿ, ಉದ್ದು ನೆನೆಹಾಕಿದೆ. ರುಬ್ಬುತ್ತಾ ಲೆಕ್ಕ ಹಾಕಿದೆ. ಬಸ್ಸಿನವರು ಇಳಿಯದಿದ್ದರೆ ಒಂದು ವರ್ಷ ಏನು ತಿನ್ನುವುದು?

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೂ ಮುಂಚೆ ಗಂಡನನ್ನು ಎಬ್ಬಿಸಿ, ಒಗೆದ ಪಂಚೆ ಉಡಿಸಿ, ಜಗಲಿಯ ಮೇಲೆ ಆ ಇಲಿಯ ಕೆಳಗೇ ಎಲೆ ಹಾಕಿ ಕೂರಿಸಿದೆ.

"ಬಸ್ಸು ನಿಂತಾಗೆಲ್ಲ ತಿನ್ಬೇಕು. ರಸ್ತೆ ಕಡೆ ಮುಖ ಮಾಡ್ಕಂಡು ತಿನ್ನು. ನೀನು ಸಾಯಲ್ಲ ಅಂತ ಎಲ್ರೂ ನೋಡ್ಲಿ."

ಮೊದಲ ಬಸ್ಸಿನವರು ಇಳಿಯಲಿಲ್ಲ, ಕಿಟಕಿಯಿಂದ ನೋಡಿದರು. ಎರಡನೆಯ ಬಸ್ಸಿನಿಂದ ಇಬ್ಬರು ಇಳಿದು, ದೂರದಲ್ಲೇ ನಿಂತು ಅವನ ಬಾಯನ್ನೇ ನೋಡುತ್ತಿದ್ದರು.

"ಹೊಟ್ಟೆ ತುಂಬೋಯ್ತು ಕಣೇ," ಎಂದ.

ಎಲೆಗೆ ಇನ್ನೆರಡು ಇಡ್ಲಿ ಹಾಕಿ ಚಟ್ನಿ ಸುರಿದೆ.