ಮಾಜಿ ಅಧ್ಯಕ್ಷರ ಸ್ಮಾರಕ ಪ್ರವಾಸ

ನಮ್ಮ ಕಾರಿನ ಹಿಂದಿನ ಗಾಜಿಗೆ ಅಂಟಿಸಿದ ‘ಮಾಜಿ ಅಧ್ಯಕ್ಷರು’ ಎಂಬ ಕೆಂಪು ಅಕ್ಷರಗಳು ಬಿಸಿಲಿಗೆ ಮಾಸಿ ಗುಲಾಬಿಯಾಗಿವೆ. ಯಾವುದರ ಅಧ್ಯಕ್ಷ ಎಂದು ಕೇಳಬೇಡಿ ಮಹಾರಾಯರೆ! ಮೂಡಲಗಿ ಕಡೆಯ ನಮ್ಮ ಸಣ್ಣ ಊರಿನ ಹಾಲಿನ ಸಂಘಕ್ಕೆ ಒಂದೇ ಅವಧಿ ಅಧ್ಯಕ್ಷನಾಗಿದ್ದೆ. ಮಾಜಿಯಾಗಿ ಮಾತ್ರ ನನ್ನ ಸೇವೆ ಅಖಂಡವಾಗಿ ನಡೆದಿದೆ.

ಈಚೆಗೆ ಮೊಬೈಲಿನಲ್ಲಿ ಒಂದು ಸುದ್ದಿ ನೋಡಿದೆ. ಯಾವುದೋ ದೇಶದಲ್ಲಿ ಮಾಜಿ ರಾಷ್ಟ್ರಾಧ್ಯಕ್ಷರೊಬ್ಬರು ಹುಟ್ಟಿದ ಮನೆ, ಕಲಿತ ಶಾಲೆ, ಮದುವೆಯಾದ ಊರು ಎಲ್ಲವನ್ನೂ ಒಂದೇ ದಾರಿಗೆ ಪೋಣಿಸಿ, ಜನ ಕಾರಿನಲ್ಲಿ ಸುತ್ತಿ ಬರಲೆಂದು ಅಲ್ಲಲ್ಲಿ ಫಲಕ ನಿಲ್ಲಿಸಿದ್ದಾರಂತೆ. ನನಗೆ ಹೊಟ್ಟೆಕಿಚ್ಚಾಯಿತು. ನಾನೂ ಎಲ್ಲಿಯೋ ಹುಟ್ಟಿದವನೇ ತಾನೆ? ಫಲಕ ಬೇಡ, ನಾನು ಓಡಾಡಿದ ಜಾಗಗಳಲ್ಲಿ ಒಬ್ಬರಾದರೂ ನನ್ನನ್ನು ನೆನಪಿಟ್ಟಿದ್ದರೆ ಸಾಕೆಂಬ ಆಸೆ ಹುಟ್ಟಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಹೆಂಡತಿ ನೀಲವ್ವನಿಗೆ ರೇಷ್ಮೆ ಸೀರೆ ಉಡಲು ಹೇಳಿ ಹೊರಟೇಬಿಟ್ಟೆ. ಆಕೆ ನಕ್ಕಳು, ಆದರೂ ಬಂದಳು.

ಗೋಕಾಕದಲ್ಲಿ ನಾನು ಓದಲೆಂದು ಬಾಡಿಗೆಗಿದ್ದ ಕೋಣೆ ಈಗ ಕರದಂಟಿನ ಅಂಗಡಿ. ನನ್ನ ವಿದ್ಯೆಗಿಂತ ಕರದಂಟಿನಿಂದಲೇ ಆ ಜಾಗಕ್ಕೆ ಹೆಚ್ಚು ಕೀರ್ತಿ ಬಂದಿರುವುದನ್ನು ಒಪ್ಪಲೇಬೇಕು. ಅರ್ಧ ಕಿಲೋ ಕೊಂಡು ಮುಂದೆ ಹೋದೆವು. ಅಂಕಲಗಿಯಲ್ಲಿ, ನಾನು ಹುಟ್ಟಿದ ಸೋದರಮಾವನ ಮನೆಯ ಮುಂದೆ ಇಳಿಯುತ್ತಲೇ ಮಾವನ ಸೊಸೆ ಓಡಿ ಬಂದು, “ಬರ್ರಿ ಅಣ್ಣಾರ, ಯಾರದ್ರಿ ಲಗ್ನ? ಕಾರ್ಡ್ ಕೊಡಾಕ ಬಂದೀರೇನು?” ಎಂದಳು. ನಮ್ಮ ಕಡೆ ಇಂಥ ವೇಷದಲ್ಲಿ ಜೋಡಿಯಾಗಿ ಕಾರಿನಿಂದ ಇಳಿಯುವವರು ಮದುವೆಗೆ ಕರೆಯಲು ಬಂದವರೇ. ನನ್ನ ಜನ್ಮಸ್ಥಳವನ್ನು ನಾನೇ ದರ್ಶನ ಮಾಡಲು ಬಂದಿದ್ದೇನೆ ಎನ್ನಲು ಬಾಯಿ ಬರಲಿಲ್ಲ. “ಹಂಗ ಸುಮ್ನ ಬಂದೀವಿ” ಎಂದೆ. ಆಕೆ ನನಗೆ ಚಹಾ ಕೊಟ್ಟು, ನೀಲವ್ವನ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಹಾಕಿ ಉಡಿ ತುಂಬಿದಳು. ನನ್ನ ಪ್ರವಾಸದ ಗೌರವವೆಲ್ಲ ಹೆಂಡತಿಯ ಉಡಿಗೆ ಹೋಯಿತು.

ಮುಂದಿನ ಜಾಗ, ನಾನು ಈಜು ಕಲಿತ ಧುಪದಾಳದಲ್ಲಿ ಕಾರು ನಿಲ್ಲಿಸಲೇ ಇಲ್ಲ. ಅಷ್ಟರಲ್ಲಿ ನನ್ನ ಉತ್ಸಾಹ ಇಳಿದುಹೋಗಿತ್ತು. ಮನೆಗೆ ತಿರುಗೋಣವೆಂದರೆ ನೀಲವ್ವ, “ಹುಕ್ಕೇರಿಗೆ ನಡೀರಿ, ನಂದೂ ಒಂದು ಜಾಗಾ ಐತಿ” ಎಂದಳು.

ಅದು ಅವಳ ತವರುಮನೆ. ಈಗ ಬೇರೆಯವರು ಕೊಂಡಿದ್ದಾರೆ. ಒಳಗೆ ಹೋದವಳೇ ಆ ಮನೆಯಾಕೆಗೆ ಪಡಸಾಲೆಯ ಕಂಬ ತೋರಿಸಿ, “ನನ್ನ ನೋಡಾಕ ಬಂದಾಗ ಇವರು ಇಲ್ಲೇ ಕುಂತಿದ್ರು. ನಾ ಹೊರಗ ಬಂದ ಕೂಡಲೇ ಬಶಿಯೊಳಗಿನ ಚಹಾ ಪೂರಾ ಹೊಸಾ ಪ್ಯಾಂಟಿನ ಮ್ಯಾಲ ಚೆಲ್ಲಿಕೊಂಡ್ರು. ಸುಟ್ಟರೂ ನಕ್ಕೋತ ಕುಂತಿದ್ರು. ಲಗ್ನ ಆದ್ರ ಇವರನ್ನ ಆಗೂದು ಅಂತ ಅವತ್ತ ಅನಕೊಂಡ್ನಿ” ಎಂದಳು.

ಆ ಚಹಾ ಚೆಲ್ಲಿದ್ದನ್ನು ಯಾರೂ ಕಂಡಿಲ್ಲವೆಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಗೆಳೆಯರೆ, ಸಂತೋಷವಾಯಿತು. ಅಷ್ಟರಲ್ಲಿ ಮನೆಯಾಕೆ ಚಹಾ ತಂದಳು. “ಕುಂದರ್ರಿ ಅಲ್ಲೇ, ಕಂಬದ ಬಾಜೂ” ಎಂದಳು ನೀಲವ್ವ. ಕುಳಿತೆ. ಬಶಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಆದರೂ ಅವಳು ನೋಡುತ್ತಿದ್ದಳಲ್ಲ, ಸ್ವಲ್ಪ ಚೆಲ್ಲಿತು.