ಕವಳ ಬಿಟ್ಟ ನಾಲಿಗೆ

ನನ್ನ ಭಾವ ರವೀಂದ್ರ ಹೆಗಡೆ ಒಂದು ಗಳಿಗೆ ಸುಮ್ಮನೆ ಕೂತಿದ್ದನ್ನು ನಾನು ಕಂಡಿಲ್ಲ. ಮಾತಾಡುತ್ತಲೇ ಎದ್ದು ಹೋಗಿ ಕಿಟಕಿ ಮುಚ್ಚುವುದು, ಮುಚ್ಚಿದ್ದನ್ನು ಮತ್ತೆ ತೆಗೆಯುವುದು, ಅಂಗಳಕ್ಕಿಳಿದು ವಾಪಸು ಬರುವುದು. ಎಲೆ ಅಡಿಕೆಯ ಕವಳ ಬಿಟ್ಟ ಮೇಲಂತೂ ಕೇಳುವುದೇ ಬೇಡ, ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಆಗಿಬಿಟ್ಟಿದ್ದರು.

ಭಾವನ ಊರು ಸಿದ್ದಾಪುರ ಕಡೆಯ ಹೇರೂರು. ಮೂವತ್ತು ವರ್ಷ ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಅಡಿಕೆ ಆರಿಸುವ ಕೆಲಸ ಮಾಡಿದವರು. ಕಣ್ಣಿಗಿಂತ ಹಲ್ಲಿನ ಮೇಲೇ ಅವರಿಗೆ ನಂಬಿಕೆ. ಒಂದು ಹೋಳು ಕಚ್ಚಿದರೆ ಸಾಕು, ಎಳೆಯದೋ ಬಲಿತದ್ದೋ, ಎಷ್ಟು ಬೇಯಿಸಿದ್ದಾರೆ, ಒಗರು ಎಷ್ಟು ಉಳಿದಿದೆ ಎಂದು ಹೇಳುತ್ತಿದ್ದರು. ಕಣ್ಣು ಮಂಜಾಗಿ ವಖಾರಿ ಬಿಟ್ಟಾಗ, ಬನವಾಸಿ ರಸ್ತೆಯಲ್ಲಿ ಅನಾನಸಿನ ವೈನು ಮಾಡುವ ವಾಣಿಶ್ರೀ ಅಕ್ಕನ ಹತ್ತಿರ ಅವರನ್ನು ಕರೆದುಕೊಂಡು ಹೋದವನು ನಾನೇ. ಆ ಶೆಡ್ಡಿಗೆ ಹಣ್ಣು ತಂದು ಹಾಕುವ ಪಿಕಪ್ ನನ್ನದು.

ನೆಂಟರಲ್ಲಿ ಗುಲ್ಲಾಯಿತು. ಭಟ್ಟರು ಹೆಗಡೇರು ವೈನು ಕುಡಿಯುವುದೆಂದರೇನು? ಕುಡಿಯುವುದಲ್ಲ, ಬಾಯಿಗೆ ಹಾಕಿ ಉಗಿಯುವುದು ಎಂದೆ. ಜನ್ಮವಿಡೀ ಕವಳ ಉಗಿದವರಿಗೆ ಅದೇನು ದೊಡ್ಡ ವಿದ್ಯೆ! ಆದರೆ ವಾಣಿಶ್ರೀ ಅಕ್ಕ ಒಂದೇ ಷರತ್ತು ಹಾಕಿದರು. ರುಚಿ ನೋಡುವ ದಿನ ಸಂಜೆವರೆಗೂ ಎಲೆ, ಅಡಿಕೆ, ಸುಣ್ಣ ಯಾವುದೂ ಬಾಯಿಗೆ ಹೋಗಬಾರದು. ಭಾವ ಒಪ್ಪಿ, ಕವಳದ ಸಂಚಿಯನ್ನು ಮನೆಯಲ್ಲೇ ಬಿಟ್ಟು ಹೊರಟರು.

ಕೆಲಸ ಹೇಳಲಿಕ್ಕೆ ಸುಲಭ. ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿನ್ನುತ್ತದೆ. ಪೂರ್ತಿ ತಿಂದು ಮುಗಿಸಿದರೆ ವೈನು ಡ್ರೈ, ಉಳಿಸಿದರೆ ಸಿಹಿ. ತೊಂದರೆಯೆಂದರೆ ಮೂಗು. ಅನಾನಸಿನ ಘಮ ಬಂದ ತಕ್ಷಣ ನಾವೆಲ್ಲ ಸಿಹಿ ಎಂದುಬಿಡುತ್ತಿದ್ದೆವು. ಭಾವ ಮಾತ್ರ ಮೂಗು ಹಿಡಿದು ಒಂದು ಗುಟುಕು ಬಾಯಲ್ಲಿ ತಿರುಗಿಸಿ, "ಇನ್ನೂ ಉಂಟು, ನಾಲ್ಕು ದಿನ ಬಿಡಿ" ಎನ್ನುತ್ತಿದ್ದರು. ಸಕ್ಕರೆ ಅಳೆಯುವ ಗಾಜಿನ ಮೀಟರನ್ನು ರಸದಲ್ಲಿ ತೇಲಿಬಿಟ್ಟು ನೋಡಿದರೆ ಅದೂ ಅದನ್ನೇ ಹೇಳುತ್ತಿತ್ತು. ಎರಡು ವರ್ಷ ಹೀಗೆ ಮೀಟರೂ ಭಾವನೂ ಒಂದೇ ಮಾತು ಹೇಳಿದ ಮೇಲೆ ಮೀಟರು ಡಬ್ಬಿ ಸೇರಿತು.

ಈ ವರ್ಷ ಅಕ್ಕ ಮೊದಲ ಸಲ ನೊರೆಯೇಳುವ ವೈನಿಗೆ ಕೈ ಹಾಕಿದರು. ಅದಕ್ಕೆ ಸಕ್ಕರೆ ಪೂರ್ತಿ ಮುಗಿದ ವೈನೇ ಬೇಕು. ಅದನ್ನು ಬಾಟಲಿಗೆ ತುಂಬಿ, ಅಳತೆಯಷ್ಟು ಪಾಕ ಸೇರಿಸಿ ಬಿಗಿಯಾಗಿ ಮುಚ್ಚಿದರೆ, ಆ ಪಾಕವನ್ನು ಯೀಸ್ಟ್ ತಿಂದು ಒಳಗೇ ಗ್ಯಾಸು ಕಟ್ಟುತ್ತದೆ. ಮಾರುವಾಗ ಎಷ್ಟು ಸಿಹಿ ಎಂದು ಚೀಟಿ ಹಚ್ಚಬೇಕು. ಅದರಲ್ಲಿ 'ಎಕ್ಸ್‌ಟ್ರಾ ಡ್ರೈ' ಅಂದರೆ 'ಬ್ರೂಟ್' ಎಂಬ ಕಡಿಮೆ ಸಿಹಿಯದಕ್ಕಿಂತ ಸಿಹಿಯಂತೆ! ಭಾವನಿಗೆ ಸಿಟ್ಟೇ ಬಂದಿತ್ತು. "ವಖಾರೀಲಿ ಚೀಲದ ಮೇಲೆ ಹೀಂಗೆ ಬರೆದಿದ್ರೆ ಧಣಿ ಒದ್ದು ಓಡಿಸ್ತಿದ್ದ" ಎಂದು ನನ್ನ ಹತ್ತಿರ ಗೊಣಗಿದರು.

ಬಾಟಲಿ ತುಂಬುವ ದಿನ ಅಕ್ಕ ಹುಬ್ಬಳ್ಳಿಯಿಂದ ಬರುವುದು ತಡವಾಯಿತು. ಭಾವ ಬೆಳಗಿನಿಂದ ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆದರು. ಕೈ ಖಾಲಿ ಜೇಬಿಗೆ ಹೋಗುತ್ತದೆ, ಹೊರಗೆ ಬರುತ್ತದೆ. ಪಾಕ ಅಳೆದು ಹಾಕುವ ದ್ಯಾಮಪ್ಪನಿಗೆ ನೋಡಲಿಕ್ಕಾಗಲಿಲ್ಲ. "ಒಂದ್ ಎಲಿ ಹಾಕ್ಕೋರಿ ಹೆಗಡೇರ. ಬಾಯಿ ತೊಳಕೊಂಡ್ರ ಮುಗೀತು. ನಾ ಯಾರ ಮುಂದೂ ಹೇಳಂಗಿಲ್ಲ" ಎಂದು ತನ್ನದೇ ಸಂಚಿ ಬಿಚ್ಚಿದ. ಭಾವ ಹಾಕಿಕೊಂಡರು. ಮೂರು ಸಲ ಮುಕ್ಕಳಿಸಿದರು. ಅಕ್ಕ ಬಂದ ಮೇಲೆ ಗುಟುಕು ನೋಡಿ, "ಪೂರ್ತಿ ಡ್ರೈ, ಪಾಕ ಹಾಕಬಹುದು" ಎಂದರು.

ಮೂರನೇ ವಾರ ಬಾಟಲಿಗಳು ಒಡೆಯತೊಡಗಿದವು. ಮಧ್ಯಾಹ್ನದ ಬಿಸಿಲೇರುತ್ತಿದ್ದಂತೆ ಒಂದು, ಅದರ ಬೆನ್ನಿಗೆ ಇನ್ನೊಂದು. ಒಳಗೆ ಹೋಗಲು ಎಲ್ಲರಿಗೂ ಭಯ. ಪಾಕ ಎರಡು ಸಲ ಬಿದ್ದಿರಬೇಕೆಂದು ಅಕ್ಕ ತೀರ್ಮಾನಿಸಿದರು.

"ಮರತು ಎರಡ ಸಲ ಹಾಕೀದಿ, ಹೌದಿಲ್ಲೋ ದ್ಯಾಮಪ್ಪ?"

ದ್ಯಾಮಪ್ಪ ಭಾವನ ಕಡೆಗೆ ತಿರುಗಲೇ ಇಲ್ಲ. "ಹಾಕಿರಬೋದ್ರಿ ಅಕ್ಕಾರ" ಎಂದ.

"ಹಂಗಾರ ನಾಳಿಂದ ಬರಬ್ಯಾಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಭಾವ ತುಟಿ ಒರೆಸಿಕೊಂಡರು. ನನಗೆ ಆಗ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಭಾವನನ್ನು ಕರೆಯಲು ಹೋದಾಗ ಅವರ ಹೆಂಡತಿ, ನನ್ನ ಸ್ವಂತ ಅಕ್ಕ ಲಕ್ಷ್ಮೀ, ಬಾಗಿಲಲ್ಲೇ ಕಾಯುತ್ತಿದ್ದಳು. "ನಿನ್ ಭಾವಂಗೆ ಎಂತ ಆಜೋ? ನಿನ್ನೆ ಸಂಜಿಂದ ಒಂದು ಕಡೆ ಕೂತಿದ್ವಿಲ್ಲೆ. ಊಟನೂ ಸಮಾ ಮಾಡಿದ್ವಿಲ್ಲೆ" ಎಂದಳು. ಪಿಕಪ್ಪಿನಲ್ಲಿ ಕೂತ ಮೇಲೆ ಭಾವ ಕಿಟಕಿಯ ಗಾಜನ್ನು ನಾಲ್ಕು ಸಲ ಇಳಿಸಿ ಏರಿಸಿದರು.

"ತಪ್ಪು ಎನ್ನದು ಮಾರಾಯ. ಅವತ್ತು ಆನು ಕವಳ ಹಾಕಿದ್ದಿ. ಆ ದ್ಯಾಮಪ್ಪ ಒಂದು ಮಾತು ಆಡಿದ್ನಿಲ್ಲೆ ನೋಡು."

ನನಗೆ ಮೈಯೆಲ್ಲ ಉರಿಯಿತು. "ಇಷ್ಟು ದೊಡ್ಡ ಮನುಷ್ಯ ಆಗಿ ಸುಮ್ಮನೆ ನಿಂತಿದ್ರಲ ಭಾವ!" ಎಂದು ಬೈದೆ. ಅವರು ದಾರಿಯಲ್ಲಿ ಅಂಗಡಿಯೆದುರು ನಿಲ್ಲಿಸಲು ಹೇಳಿ ಎಲೆ ಅಡಿಕೆ ಕಟ್ಟಿಸಿಕೊಂಡರು.

ಶೆಡ್ಡಿನಲ್ಲಿ ವಾಣಿಶ್ರೀ ಅಕ್ಕನಿಗೆ ಎರಡು ಲೋಟ ಹಾಕಲು ಹೇಳಿದರು. ಒಂದು ಡ್ರೈ, ಇನ್ನೊಂದು ಸ್ವಲ್ಪ ಸಿಹಿ ಉಳಿದದ್ದು. ಯಾವುದು ಯಾವುದೆಂದು ಹೇಳಬಾರದು. ಮೊದಲು ಬರಿಬಾಯಲ್ಲಿ ನೋಡಿ ಸರಿಯಾಗಿ ಹೇಳಿದರು. ಆಮೇಲೆ ಅಕ್ಕನ ಎದುರಿಗೇ ಕವಳ ಹಾಕಿ, ಜಗಿದು, ಮೂರು ಸಲ ಮುಕ್ಕಳಿಸಿ, ಸಿಹಿ ಇದ್ದ ಲೋಟವನ್ನೇ ಎತ್ತಿದರು.

"ಇದು ಡ್ರೈ ಅಂತಿದೆ ನನ್ನ ನಾಲಿಗೆ. ನೀವೂ ಒಂದು ಎಲೆ ಹಾಕಿ ನೋಡಿ. ಅಡಿಕೆಯ ಒಗರು ನೀರಿಗೆ ಹೋಗುವುದಿಲ್ಲ, ಬಾಯೆಲ್ಲ ಒಣಗಿಸಿ ಸಿಹಿಯನ್ನ ಮುಚ್ಚಿಬಿಡ್ತದೆ. ಮೂವತ್ತು ವರ್ಷ ಒಗರು ಕಚ್ಚಿ ಹೊಟ್ಟೆ ಹೊರೆದವನಿಗೆ ಇದು ತಿಳೀಲಿಲ್ಲ. ದ್ಯಾಮಪ್ಪ ಅಳತೆ ತಪ್ಪಿಲ್ಲ ಅಕ್ಕ. ಇದ್ದ ಸಕ್ಕರೆ ಮೇಲೆ ಪಾಕ ಹಾಕಿಸಿದವ ನಾನು."

ಅಕ್ಕ ನಿಜಕ್ಕೂ ಎಲೆ ಹಾಕಿ ಜಗಿದು, ಮುಕ್ಕಳಿಸಿ, ಅದೇ ಲೋಟ ಕುಡಿದು ನೋಡಿದರು. ಅವರ ನಾಲಿಗೆಗೂ ಸಿಹಿ ಸಿಗಲಿಲ್ಲ. ಆಮೇಲೆ ದ್ಯಾಮಪ್ಪನಿಗೆ ಫೋನು ಮಾಡಿ, "ಬಾರಪಾ, ತಪ್ಪಾತು" ಎಂದರು. ಮೀಟರಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, "ಇನ್ಮ್ಯಾಲೆ ದ್ಯಾಮಪ್ಪ ಇದನ್ನ ನೋಡ್ತಾನ. ನೀವು ಬಾಟ್ಲಿ ತೊಳೀರಿ ಹೆಗಡೇರ" ಎಂದರು.

ಭಾವ ಈಗ ಬಾಟಲಿ ತೊಳೆಯುತ್ತಾರೆ. ಕವಳಕ್ಕೆ ಈಗ ಯಾರ ಅಡ್ಡಿಯೂ ಇಲ್ಲ, ಆದರೂ ಹಾಕುವುದಿಲ್ಲ. ಒಂದು ಗಳಿಗೆ ನಿಂತಲ್ಲಿ ನಿಲ್ಲದ ಚಡಪಡಿಕೆ ಮಾತ್ರ ಹಾಗೇ ಇದೆ.

ಮೊನ್ನೆ ಹೊಸ ವೈನಿನಲ್ಲಿ ದ್ಯಾಮಪ್ಪ ಮೀಟರು ತೇಲಿಬಿಟ್ಟು ನೋಡಿದ. ಆಮೇಲೆ ಲೋಟ ಹಿಡಿದು ನೇರ ನಲ್ಲಿಯ ಹತ್ತಿರ ಬಂದ.

"ಮೀಟರ್ ಏನೋ ಸಕ್ರಿ ಮುಗದೈತಿ ಅಂತೈತ್ರಿ. ನೀವೇನಂತೀರಿ?"

ಭಾವ ಒದ್ದೆ ಕೈ ಪಂಚೆಗೆ ಒರೆಸಿಕೊಂಡರು. ಲೋಟ ಮುಟ್ಟುವ ಮೊದಲು ದ್ಯಾಮಪ್ಪನೆದುರು ಬಾಯಿ ಅಗಲಿಸಿ, ನಾಲಿಗೆ ಚಾಚಿ ತೋರಿಸಿದರು.