ಗೋಡೆಯಾಚೆಗೆ ನಲವತ್ತು ಕಿಲೋಮೀಟರ್

ಆ ಮುದ್ರಣಾಲಯದಲ್ಲಿ ಕೇಬಲ್ ಕೆಲಸ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಿದ್ದರು. ಅವನ ಗಂಟಲಿಗೆ ಮೈಕು ಬೇಕಿರಲಿಲ್ಲ, ಅದಕ್ಕೇ ಆ ಹೆಸರು. ಪಕ್ಕದಲ್ಲಿ ಕೂತವನನ್ನು ಟೀ ಬೇಕಾ ಎಂದು ಕೇಳಿದರೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಕೆಲಸದಲ್ಲಿ ಮಾತ್ರ ಗಟ್ಟಿಗ. ಹಿಂದಿನ ವಾರ ಗಿರಾಕಿಗಳ ಎದುರಿಗೇ ಲಿಫ್ಟಿನವನ ಜನ್ಮ ಜಾಲಾಡಿದ್ದಕ್ಕೆ ಮ್ಯಾನೇಜರ್ ಒಳಗೆ ಕರೆದು, "ಇನ್ನೊಂದು ಸಲ ನಿಮ್ಮ ಕೂಗು ನನ್ನ ಕಿವಿಗೆ ಬಿದ್ರೆ, ಅವತ್ತೇ ನೀವು ಮನೆಗೆ" ಎಂದಿದ್ದರು.

ಅಂಥ ಹೊತ್ತಿನಲ್ಲೇ ಈ ಕೆಲಸ ತಲೆಗೆ ಬಂತು. ಪುಟ ಕಟ್ಟುವ ಕೋಣೆಯಿಂದ ಮೆಷಿನ್ ಕೋಣೆಗೆ ಪುಟಗಳು ಹೋಗಬೇಕು. ನಡುವೆ ಇರುವುದು ಒಂದೇ ಗೋಡೆ. ಎರಡೂ ಕಡೆ ಕಂಪ್ಯೂಟರುಗಳನ್ನು ಜೋಡಿಸುವ ಹೊಸ ಸ್ವಿಚ್ಚು ಪೆಟ್ಟಿಗೆ ಬಂದಿತ್ತು. ಅದಕ್ಕೊಂದು ಇದಕ್ಕೊಂದು ಹೆಬ್ಬೆರಳುದ್ದದ ಮಾಡ್ಯೂಲ್ ಸಿಕ್ಕಿಸಬೇಕು. ಕರೆಂಟನ್ನು ಬೆಳಕು ಮಾಡಿ ಗಾಜಿನ ಎಳೆಯೊಳಗೆ ದೂಡುವುದು ಅದರ ಕೆಲಸ.

ಈ ಮಾಡ್ಯೂಲಿನ ವಿಷಯದಲ್ಲಿ ಕಂಪನಿಗಳು ಒಂದು ಪುಣ್ಯ ಕಟ್ಟಿಕೊಂಡಿವೆ. ಹೊರಗೆ ಒಬ್ಬರ ಮುಖ ಒಬ್ಬರು ನೋಡದವರೂ ಒಂದೆಡೆ ಕೂತು ಅಳತೆ ಒಪ್ಪಿಕೊಂಡಿದ್ದಾರೆ. ಯಾರು ಮಾಡಿದ್ದಾದರೂ ಯಾರ ಸ್ವಿಚ್ಚಿಗಾದರೂ ಟಕ್ ಅಂತ ಕೂರಬೇಕು. ಹಳೇ ಬಾಗಿಲಿಗೆ ಹೊಸ ಚಿಲಕ ಹುಡುಕಿ ಅಂಗಡಿ ಅಂಗಡಿ ಅಲೆದವರಿಗೆ ಗೊತ್ತು, ಇದೆಂಥ ಭಾಗ್ಯ ಅಂತ. ಕೂತರೆ ಕೆಲಸ ಆದ ಹಾಗೇ ಎಂದು ಮೈಕಣ್ಣ ನಂಬಿಬಿಟ್ಟಿದ್ದ.

ಸ್ಟೋರಿನ ಅಕ್ಕ ಐನೂರು ಮೀಟರಿನವರೆಗೆ ಬೆಳಕು ಕಳಿಸುವ ಜೋಡಿ ತೆಗೆದಿಟ್ಟರು.

"ಇಂಥ ಪುಸಕ್ಲು ಮಾಲು ಕೊಟ್ಟು ನನ್ನ ಕೆಲಸ ಕೆಡಿಸ್ಬೇಡಿ ಅಕ್ಕ. ನಲವತ್ತು ಕಿಲೋಮೀಟರಿಂದು ಕೊಡಿ. ಅಷ್ಟು ದೂರ ಹೋಗೋದು ಒಂದು ಗೋಡೆ ದಾಟಲ್ವಾ?"

"ಹಾಗಲ್ಲಪ್ಪ, ಅದು..."

ಅಷ್ಟರಲ್ಲಿ ಅವನೇ ಕೈಹಾಕಿ ಎತ್ತಿಕೊಂಡು ಹೋಗಿಯಾಗಿತ್ತು.

ಎರಡೂ ಕಡೆ ಟಕ್ ಅಂತ ಕೂತವು. ಸಂಪರ್ಕ ಸಿಕ್ಕಿತೆಂದು ತೋರಿಸುವ ಹಸಿರು ದೀಪ ಮಾತ್ರ ಹತ್ತಲಿಲ್ಲ. ಕೇಬಲ್ ತುದಿ ಒರೆಸಿದ. ಕೇಬಲ್ಲನ್ನೇ ಬದಲಿಸಿದ. ಸಿಟ್ಟು ನೆತ್ತಿಗೇರಿತು, ಆದರೆ ಕೂಗುವ ಹಾಗಿಲ್ಲ. ಮಾಡ್ಯೂಲಿಗೆ ಧೂಳು ಕೂರದಂತೆ ಹಾಕಿರುವ ರಬ್ಬರ್ ಬಿರಡೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದ. ಗೋಡೆಯಾಚೆ ಮ್ಯಾನೇಜರ್, ಸಂಜೆಯೊಳಗೆ ಆಗದಿದ್ದರೆ ಬೇರೆಯವನನ್ನು ಕರೆಸುತ್ತೇನೆ ಎನ್ನುತ್ತಿದ್ದುದು ಕೇಳಿಸಿತು.

ಆಗ ಹೆಂಡತಿಯ ಫೋನ್ ಬಂತು. ಬಿರಡೆ ತೆಗೆದು, "ಏನು ಹೇಳು" ಎಂದು ಪಿಸುಗುಟ್ಟಿದ.

"ಯಾರ್ರೀ ಅದು? ನಮ್ಮ ಯಜಮಾನ್ರಿಗೆ ಕೊಡಿ."

"ನಾನೇ ಕಣೇ."

"ಅಯ್ಯೋ, ಮೈಗೆ ಹುಷಾರಿಲ್ವಾ?"

"ಇಲ್ಲಿ ಕೂಗಂಗಿಲ್ಲ."

"ಒಳ್ಳೇದಾಯ್ತು ಬಿಡಿ. ಮದುವೆಯಾದಾಗಿಂದ ನೀವು ಫೋನಲ್ಲಿ ಹೇಳಿದ್ದು ಇವತ್ತೇ ನನಗೆ ಅರ್ಥ ಆಗ್ತಿರೋದು. ಕಿವಿ ಹತ್ರಾನೇ ಅಷ್ಟು ಅಬ್ಬರಿಸಿದ್ರೆ ಬರೀ ಗುಂಯ್ ಅನ್ನುತ್ತೆ, ಮಾತೆಲ್ಲಿ ಕೇಳ್ಸುತ್ತೆ? ಬರ್ತಾ ಸೋಪು ತನ್ನಿ."

ಫೋನಿಟ್ಟವನು ಮಾಡ್ಯೂಲನ್ನೇ ದುರುಗುಟ್ಟಿ ನೋಡಿದ. ಮತ್ತೆ ಸ್ಟೋರಿಗೆ ಹೋದ.

"ಅಕ್ಕ, ಇದರ ಬೆಳಕು ಜೋರು ಜಾಸ್ತಿಯಾಗಿ ಆ ಕಡೆಯದಕ್ಕೆ ಕಣ್ಣು ಕುಕ್ತಾ ಇದೆಯಾ?"

"ಏನಂದೆ? ಕೇಳಿಸ್ಲಿಲ್ಲ."

"ತಮಾಷೆ ಬೇಡ ಅಕ್ಕ."

"ಅದನ್ನೇ ಬೆಳಗ್ಗೆ ಹೇಳಕ್ಕೆ ಬಾಯಿ ತೆಗೆದೆ, ಬಿಟ್ಯಾ ನೀನು? ಕೂರೋ ಅಳತೆ ಒಂದೇ ಇರ್ಲಿ ಅಂತ ಒಪ್ಪಿದ್ದಾರೆ, ಬೆಳಕಿನ ಜೋರು ಒಂದೇ ಅಂತಲ್ಲ. ದೂರಕ್ಕೆ ಬೇರೆ, ಹತ್ತಿರಕ್ಕೆ ಬೇರೆ. ಅದೂ ಆ ನಿಯಮದಲ್ಲೇ ಇದೆ. ಇತ್ತ ಕೊಡು, ಸುಟ್ಟಿದೆಯಾ ನೋಡ್ತೀನಿ."

ಐನೂರು ಮೀಟರಿನವನ್ನು ಎರಡೂ ಕಡೆ ಸಿಕ್ಕಿಸಿದ್ದೇ ತಡ, ಹಸಿರು ದೀಪ ಹತ್ತಿತು. ಮೈಕಣ್ಣ ಗೋಡೆಯ ಕೇಬಲ್ ತೂತಿಗೆ ಬಾಯಿಟ್ಟು ಬೆಕ್ಕಿನ ಮರಿಯ ಹಾಗೆ, "ಬಂತು ಸಾರ್" ಎಂದ. ಆಚೆ ಮೆಷಿನ್ ಓಡುವ ಸದ್ದಿನಲ್ಲಿ ಮ್ಯಾನೇಜರಿಗೆ ಅದು ಸರಿಯಾಗಿ ಕೇಳಿಸಲಿಲ್ಲ.

"ಏನ್ರೀ, ಆಗ್ಲಿಲ್ವಾ? ಸರಿ, ಬೇರೆಯವನಿಗೆ ಫೋನ್ ಮಾಡ್ತೀನಿ."

"ಬಂತು ಸಾರ್."

"ಜೋರಾಗಿ ಹೇಳ್ರೀ."

"ಜೋರಾಗಿ ಹೇಳ್ಬಹುದಾ ಸಾರ್?"

"ಏನು ಗೊಣಗ್ತೀರಿ ಅಲ್ಲಿ? ಬಾಯಿಬಿಟ್ಟು ಹೇಳಿ ಅಂದೆ."

ಒಂದು ವಾರದಿಂದ ಕಟ್ಟಿಟ್ಟಿದ್ದೆಲ್ಲ ಒಟ್ಟಿಗೇ ಹೊರಬಿತ್ತು: "ಐನೂರು ಮೀಟರಿಂದು ಹಾಕ್ದೆ ಸಾರ್, ಬಂತು!"

ಸ್ಟೋರಿನ ಅಕ್ಕ ಎದ್ದು ಬಾಗಿಲು ಹಾಕಿಕೊಂಡರು. ಲಿಫ್ಟಿನವನು ಮತ್ತೆ ತನ್ನನ್ನೇ ಬೈದನೆಂದುಕೊಂಡು ಮೇಲಿನ ಮಹಡಿಗೆ ಹೊರಟುಹೋದ. ಮ್ಯಾನೇಜರ್ ಕಿವಿ ಉಜ್ಜಿಕೊಳ್ಳುತ್ತಾ ಈಚೆ ಬಂದು ಹಸಿರು ದೀಪ ನೋಡಿದರು, ಮೈಕಣ್ಣನನ್ನೂ ನೋಡಿದರು.

"ಹೇಳಿ ಅಂತ ನಾನೇ ಅಂದೆ, ಹಾಗಾಗಿ ಇದು ಲೆಕ್ಕಕ್ಕಿಲ್ಲ" ಎಂದರು. "ನಾಳೆಯಿಂದ ಆ ಐನೂರು ಮೀಟರಿಂದೇ ಗಂಟಲಿಗೂ ಹಾಕ್ಕೊಂಡು ಬನ್ನಿ."